ಪ್ರಾತಃಸ್ಮರಣೀಯ ಕುದ್ಮುಲ್ ರಂಗರಾಯರು

ಶಾಲೆಯೊಂದಕ್ಕೆ ಐವತ್ತು ವರುಷ ತುಂಬಿತೆಂದರೆ ಎರಡು ತಲೆಮಾರುಗಳು ಅದರ ಹೊಸ್ತಿಲನ್ನು ದಾಟಿಹೋದುವೆಂದು ಅರ್ಥ. ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಚಪ್ಪರದಡಿಯಲ್ಲಿ ಇಂದು ಅಜ್ಜನೂ ಮಗಳೂ ಮೊಮ್ಮಗನೂ ಇದೇ ಶಾಲೆಯವರೆಂದು ಹೇಳಿಕೊಳ್ಳಬಲ್ಲ ಮನೆಗಳುಂಟು. ಜಾಗ ಬಿಟ್ಟುಕೊಟ್ಟವರು, ತೊಲೆ ಹಂಚುಗಳನ್ನು ಹೊತ್ತು ತಂದವರು, ಮಂಜೂರಾತಿಗಾಗಿ ತಿರುವನಂತಪುರದ ಕಚೇರಿಗಳ ಮೆಟ್ಟಿಲುಗಳನ್ನು ಹತ್ತಿಳಿದವರು – ಇವರೆಲ್ಲರ ಹೆಸರುಗಳು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ಬರಬೇಕಾದುದು ನ್ಯಾಯವೂ ಹೌದು. ಆದರೆ ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಇವರೆಲ್ಲರಿಗಿಂತ ಹಿಂದೆ ನಿಂತಿರುವ ಒಬ್ಬ ಮಹನೀಯರಿದ್ದಾರೆ. ನಮ್ಮ ಶಾಲೆಯ ಗೋಡೆಗೆ ಒಂದು ಕಲ್ಲನ್ನೂ ಇಟ್ಟವರಲ್ಲ ಅವರು. ನಮ್ಮ ಶಾಲೆ ಹುಟ್ಟುವುದಕ್ಕೆ ಎಷ್ಟೋ ವರುಷ ಮೊದಲೇ ತೀರಿಹೋದರು. ಆದರೂ ಇಂದು ನಮ್ಮ ತರಗತಿಗಳ ಬೆಂಚುಗಳಲ್ಲಿ ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳುತ್ತಿರುವುದರ ಹಿಂದೆ ಅವರ ಜೀವಮಾನದ ದುಡಿಮೆಯಿದೆ. ಅವರೇ ಕುದ್ಮುಲ್ ರಂಗರಾಯರು.

ಮಂಗಳೂರಿಗೆ ಹೋದವರೆಲ್ಲ ಅವರ ಹೆಸರನ್ನು ಕೇಳಿಯೇ ಇರುತ್ತಾರೆ. ಅಲ್ಲಿಯ ಪುರಭವನಕ್ಕೆ ಅವರ ಹೆಸರಿದೆ. ಸಭೆ, ಯಕ್ಷಗಾನ, ನಾಟಕಗಳಿಗೆಂದು ಆ ಮೆಟ್ಟಿಲುಗಳನ್ನು ಏರಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಮಹನೀಯರು ನಮ್ಮ ಕಾಸರಗೋಡು ಸೀಮೆಯವರೆಂಬುದು ತಿಳಿದಿದೆಯೋ ಹೇಳಲಾರೆ. ತಿಳಿಯಲೆಂಬ ಉದ್ದೇಶದಿಂದಲೇ ಈ ಲೇಖನ.

ಜನನ ಮತ್ತು ಬಾಲ್ಯ

ರಂಗರಾಯರು ಹುಟ್ಟಿದ್ದು 1859ನೆಯ ಇಸವಿ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಊರಿನ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಮನೆತನ ಸಾರಸ್ವತ ಬ್ರಾಹ್ಮಣರದು, ತಂದೆ ದೇವಪ್ಪಯ್ಯನವರು. ಅಂದು ಈ ಪ್ರದೇಶವೆಲ್ಲ ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಗೆ ಸೇರಿತ್ತು. 1862ರಲ್ಲಿ ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಮಂಗಳೂರು, ಕಾಸರಗೋಡುಗಳನ್ನೊಳಗೊಂಡ ದಕ್ಷಿಣ ಕನ್ನಡವು ಮದರಾಸಿನಲ್ಲೇ ಉಳಿಯಿತು. 1956ನೆಯ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರುವವರೆಗೂ ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ಕೋರ್ಟು ಕಚೇರಿಗೆ, ಆಸ್ಪತ್ರೆಗೆ, ಮೇಲಿನ ವಿದ್ಯಾಭ್ಯಾಸಕ್ಕೆ, ಹೊಟ್ಟೆಪಾಡಿಗೆ – ಎಲ್ಲಕ್ಕೂ ಜನ ನೋಡುತ್ತಿದ್ದುದು ಉತ್ತರಕ್ಕೇ.

ರಂಗರಾಯರೂ ಹಾಗೆಯೇ ಹೊರಟವರು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡುದರಿಂದ ಸಂಸಾರದ ಭಾರ ಅವರ ಹೆಗಲಿಗೆ ಬಿತ್ತು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೂ ಮೊದಲು ಈ ಕಡೆಯಿಂದ ಹೋಗುವವರು ಕಾಲ್ನಡಿಗೆಯಿಂದಲೋ ಎತ್ತಿನ ಗಾಡಿಯಿಂದಲೋ ಸಾಗಿ, ನೇತ್ರಾವತಿಯನ್ನು ದೋಣಿಯಲ್ಲಿ ದಾಟಿ ಪಟ್ಟಣವನ್ನು ಸೇರಬೇಕಾಗಿತ್ತು. ಹಾಗೆ ಮಂಗಳೂರನ್ನು ಸೇರಿದ ತರುಣನಿಗೆ ದೊರೆತುದು ಉಪಾಧ್ಯಾಯ ವೃತ್ತಿ. ಸಂಬಳ ತಿಂಗಳಿಗೆ 8 ರೂಪಾಯಿ. ಆ ಸಂಬಳದಲ್ಲಿ ಮನೆಯನ್ನು ನಡೆಸುತ್ತ, ರಾತ್ರಿ ಹೊತ್ತಿನಲ್ಲಿ ತಾನೂ ಓದುತ್ತ, ಪರೀಕ್ಷೆಗೆ ಕಟ್ಟಿ ವಕೀಲಿಯ ಸನದನ್ನು ಪಡೆದರು. ಮೊದಲು ಮಾಸ್ತರು, ಆಮೇಲೆ ವಕೀಲರು. ಅವರ ಮುಂದಿನ ಬದುಕನ್ನು ನೋಡಿದರೆ ವಕೀಲಿ ಅವರ ಜೀವನೋಪಾಯವಾಯಿತೇ ಹೊರತು ಮಾಸ್ತರಿಕೆ ಅವರನ್ನು ಬಿಟ್ಟು ಹೋಗಲಿಲ್ಲವೆಂದು ತೋರುತ್ತದೆ. ಸುಳ್ಳು ವ್ಯಾಜ್ಯಗಳನ್ನು ಹಿಡಿಯದವರು, ಬಡವರ ಪರವಾಗಿ ವಾದಿಸುವವರು ಎಂದು ಅವರು ಹೆಸರಾದರು. ಗಳಿಸಬಹುದಾಗಿದ್ದ ಕಾಲದಲ್ಲಿ ಅವರು ಗಳಿಸಿದ ಹಣವೆಲ್ಲ ಎಲ್ಲಿಗೆ ಹೋಯಿತೆಂಬುದನ್ನು ಮುಂದೆ ಕಾಣುವೆವು.

ಮುಚ್ಚಿದ್ದ ಬಾಗಿಲುಗಳು

ರಂಗರಾಯರ ಕಾರ್ಯದ ಮಹತ್ವ ತಿಳಿಯಬೇಕಾದರೆ ಅಂದಿನ ತುಳುನಾಡಿನ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯು ಗದ್ದೆಯಲ್ಲಿ ದುಡಿಯುವ ಜನರನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಗೇಣಿಗೆ ಕೊಡುತ್ತಿದ್ದರು ಎಂಬುದನ್ನು ಬರೆದಿಟ್ಟಿದ್ದಾನೆ. ಭೂಮಿಗೆ ಅಂಟಿಕೊಂಡ ಮೂಲದಾಳುಗಳೆಂಬ ಈ ಪದ್ಧತಿಗೆ 1843ರ ಕಾಯಿದೆಯು ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. ಆದರೆ ಕಾಯಿದೆಯ ಕಾಗದ ಬದಲಾದ ಮಾತ್ರಕ್ಕೆ ಅಂಗಳದ ನಡಾವಳಿ ಬದಲಾಗಲಿಲ್ಲ. ಸಾಲದ ಹಗ್ಗವೂ ಊರಿನ ಕಟ್ಟಳೆಯೂ ಅವರನ್ನು ಅದೇ ಗದ್ದೆಯ ಬದುವಿನಲ್ಲಿ ಕಟ್ಟಿಹಾಕಿದುವು. ಕೊರಗರಂಥವರ ಪಾಡು ಇನ್ನೂ ಕಷ್ಟದ್ದಾಗಿತ್ತು. ಅವರನ್ನು ಅವಮಾನಕ್ಕೆ ಗುರಿಪಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಸರಕಾರವು ಮಾಡಿದುದು 2000ನೆಯ ಇಸವಿಯಲ್ಲಿ. ಇಷ್ಟು ಹೇಳಿದರೆ ನೂರು ವರುಷ ಹಿಂದಿನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಶಾಲೆಗಳಾದರೋ ಇದ್ದುವು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ತೆರೆದರು. ಪಟ್ಟಣವು ವಿದ್ಯಾಕೇಂದ್ರವೆಂಬ ಹೆಸರನ್ನು ಪಡೆಯುತ್ತಿತ್ತು. ಆದರೆ ಅಸ್ಪೃಶ್ಯರೆನಿಸಿಕೊಂಡವರ ಮಗುವಿಗೆ ಸಾಮಾನ್ಯ ಶಾಲೆಯ ಜಗಲಿಯೂ ದೂರವಾಗಿತ್ತು.

ಇದು ತುಳುನಾಡಿನ ದೋಷ ಮಾತ್ರವಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ ಜಾತಿಯ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಲ್ಪಟ್ಟಿತು. ಆತನು ಮುಂಬಯಿ ಸರಕಾರಕ್ಕೆ ಮನವಿಯನ್ನು ಕಳುಹಿಸಿದನು. ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆಯನ್ನು ಬಿಡುವರೆಂಬ ಭಯದಿಂದ ಸರಕಾರವು ಕೈಕಟ್ಟಿ ಕುಳಿತಿತು. ಸಂಗತಿ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಗಿ, ಕೊನೆಗೆ 1858ರಲ್ಲಿ ಸರಕಾರದ ಪೂರ್ಣ ಖರ್ಚಿನಿಂದ ನಡೆಯುವ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿವೆಯೆಂದು ಸಾರಲಾಯಿತು. ಸಾರಿದುದೇನೋ ಸರಿ, ಆ ಮಾತಿನ ಬಲದಿಂದ ಶಾಲೆಯೊಳಕ್ಕೆ ಬಂದು ಕುಳಿತುಕೊಳ್ಳಬಲ್ಲ ಮಗು ಎಲ್ಲಿತ್ತು? ನಮ್ಮ ಇಂದಿನ ರಾಜ್ಯದ ತೆಂಕಣ ತುದಿಯಲ್ಲಿ ಅಯ್ಯಂಕಾಳಿಯವರು ಪಂಚಮಿಯೆಂಬ ಪುಟ್ಟ ಹುಡುಗಿಯನ್ನು ಊರೂಟ್ಟಂಬಲದ ಶಾಲೆಗೆ ಕರೆದುಕೊಂಡು ಹೋದಾಗ ಆ ಶಾಲೆಗೇ ಬೆಂಕಿ ಬಿತ್ತೆಂಬುದನ್ನು ಕೇರಳದ ಪ್ರತಿಯೊಬ್ಬ ಉಪಾಧ್ಯಾಯನೂ ಬಲ್ಲನು. ಅದು ಇಪ್ಪತ್ತನೆಯ ಶತಮಾನದ ಮಾತು. ರಂಗರಾಯರು ಕೆಲಸಕ್ಕೆ ತೊಡಗಿದ್ದು ಅದಕ್ಕಿಂತಲೂ ಮೊದಲು.

ಚಿಲಿಂಬಿಯ ಶಾಲೆ

1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ಸ್ಥಾಪನೆಯಾಗಿತ್ತು. ಉಳ್ಳಾಲ ರಘುನಾಥಯ್ಯನವರಂಥ ಹಿರಿಯರ ಸಹವಾಸದಿಂದ ರಂಗರಾಯರು ಆ ಸಮಾಜದತ್ತ ಒಲಿದರು. ದೇವರ ಮುಂದೆ ಎಲ್ಲರೂ ಸಮಾನರೆಂಬ ಮಾತನ್ನು ವಾರಕ್ಕೊಮ್ಮೆ ಪ್ರಾರ್ಥನೆಯಲ್ಲಿ ಹೇಳಿ ಮನೆಗೆ ಹಿಂದಿರುಗುವುದು ಅವರ ಸ್ವಭಾವಕ್ಕೆ ಒಗ್ಗದು. ಅದೇ ಕಾಲದಲ್ಲಿ ಸ್ವಲ್ಪ ಓದುಬರಹ ಕಲಿತ ದಲಿತ ತರುಣನೊಬ್ಬನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಒಂದು ಸಣ್ಣ ನೌಕರಿ ದೊರೆತಾಗ, ಅವನೊಡನೆ ಒಂದೇ ಕಟ್ಟಡದಲ್ಲಿ ಕೆಲಸ ಮಾಡಲಾರೆವೆಂದು ಮೇಲುಜಾತಿಯವರು ಗದ್ದಲವೆಬ್ಬಿಸಿದರೆಂದು ಮಂಗಳೂರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ವಕೀಲರಾದ ರಂಗರಾಯರ ಮನಸ್ಸಿಗೆ ಇದು ಆಳವಾದ ಪೆಟ್ಟನ್ನು ಕೊಟ್ಟಿತು. ಒಬ್ಬನೇ ಓದಿದರೆ ಅವನನ್ನು ತುಳಿಯಬಹುದು. ನೂರಾರು ಮಂದಿ ಓದಿದರೆ ತುಳಿಯುವವರಾರು? ಈ ಯೋಚನೆಯೇ ಶಾಲೆಯಾಗಿ ಮೂಡಿತು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ತಮ್ಮ ಮೊದಲನೆಯ ಶಾಲೆಯನ್ನು ತೆರೆದರು. ಕಟ್ಟಡ ಸಿಕ್ಕಿತು. ಆದರೆ ಮಾಸ್ತರರು ಸಿಕ್ಕಲಿಲ್ಲ. ಆ ಮಕ್ಕಳನ್ನು ಮುಟ್ಟಿ ಕಲಿಸಲು ಹಿಂದೂ ಉಪಾಧ್ಯಾಯರು ಮುಂದೆ ಬರಲಿಲ್ಲ. ಆಗ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡು ಅವರು ಕೆಲಸವನ್ನು ನಡೆಸಿದರು. ಈ ಸಣ್ಣ ಸಂಗತಿಯಲ್ಲಿ ರಂಗರಾಯರ ದೃಷ್ಟಿ ತಿಳಿಯುತ್ತದೆ. ಕಲಿಸುವವನ ಮತ ಯಾವುದೆಂದು ಅವರು ನೋಡಲಿಲ್ಲ. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವನೇ ಎಂಬುದನ್ನು ನೋಡಿದರು.

ಮಾಸ್ತರರು ಬಂದರು, ಮಕ್ಕಳು ಬರಬೇಕಲ್ಲ! ಶಾಲೆ ನಡೆಸಿದವರೆಲ್ಲರೂ ಬಲ್ಲ ಸತ್ಯವೆಂದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಬಡವರ ಮಕ್ಕಳು ಒಳಗೆ ಬರುವುದಿಲ್ಲ. ದನ ಮೇಯಿಸುವ, ತಮ್ಮತಂಗಿಯರನ್ನು ಎತ್ತಿಕೊಳ್ಳುವ, ಸೊಪ್ಪು ಕಡಿದು ತರುವ ಮಗು ಒಂದು ದಿನ ಶಾಲೆಗೆ ಹೋದರೆ ಆ ಮನೆಯ ಗಂಜಿಯಲ್ಲಿ ಒಂದು ಹಿಡಿ ಅಕ್ಕಿ ಕಡಿಮೆಯಾಗುತ್ತದೆ. ಶಾಲೆಯ ಬೆಲೆ ತಿಳಿಯದುದರಿಂದ ತಂದೆತಾಯಿಗಳು ಮಕ್ಕಳನ್ನು ಕಳುಹಿಸುವುದಿಲ್ಲವೆಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಆ ತಾಯಿಗೆ ಬೆಲೆ ತಿಳಿದೇ ಇತ್ತು. ಅದನ್ನು ತೆರಲು ಅವಳ ಕೈಯಲ್ಲಿ ಕಾಸಿರಲಿಲ್ಲ. ರಂಗರಾಯರು ಇದನ್ನು ಅರಿತರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟ, ಜೊತೆಗೆ ದಿನದ ಹಾಜರಿಗೆಂದು ಸ್ವಲ್ಪ ಪುಡಿಗಾಸು – ಹೀಗೆ ಮಗುವಿನಿಂದ ಮನೆಗಾಗುವ ನಷ್ಟವನ್ನು ಶಾಲೆಯೇ ತುಂಬಿಕೊಡುವ ಏರ್ಪಾಡನ್ನು ಮಾಡಿದರು. ಇಂದು ದೇಶದ ಶಾಲೆಗಳಲ್ಲೆಲ್ಲ ಬೇಯುತ್ತಿರುವ ಮಧ್ಯಾಹ್ನದ ಅನ್ನವನ್ನು ಒಬ್ಬ ವಕೀಲರು ತಮ್ಮ ಸಂಪಾದನೆಯಿಂದ ಒಂದು ಬಾಡಿಗೆ ಮನೆಯ ಒಲೆಯ ಮೇಲೆ ಅಂದೇ ಬೇಯಿಸಿದ್ದರು. ಅವರ ವಕೀಲಿಯ ಗಳಿಕೆ ಹೋದುದು ಇಲ್ಲಿಗೆ.

ಊರು ಸುಮ್ಮನಿರಲಿಲ್ಲ. ಸ್ವಜಾತಿಯವರಿಂದ ರಂಗರಾಯರಿಗೂ ಅವರ ಮನೆಯವರಿಗೂ ಬಹಿಷ್ಕಾರವುಂಟಾಯಿತು. ಶುಭಕಾರ್ಯಗಳಿಗೆ ಕರೆಯಿಲ್ಲ, ಬಂಧುಗಳ ಮನೆಯಲ್ಲಿ ನೀರಿಲ್ಲ; ಬೀದಿಯಲ್ಲಿ ನಿಂದೆ, ಕುಚೋದ್ಯ. ಇವನ್ನೆಲ್ಲ ನುಂಗಿಕೊಂಡು ಅವರು ಮರುದಿನ ಬೆಳಗ್ಗೆ ಮತ್ತೆ ಶಾಲೆಯ ಕಡೆಗೇ ನಡೆಯುತ್ತಿದ್ದರು.

ಒಂದು ಶಾಲೆಯಿಂದ ಒಂದು ಸಂಸ್ಥೆ

ಕಾಲವೂ ಸ್ವಲ್ಪ ಅನುಕೂಲವಾಗಿ ಒದಗಿತು. ಚೆಂಗಲ್ಪಟ್ಟಿನ ಕಲೆಕ್ಟರರಾಗಿದ್ದ ಟ್ರೆಮೆನ್‌ಹೀರ್ ಎಂಬವರು 1891ರಲ್ಲಿ ಪರೆಯರ ದುಸ್ಥಿತಿಯನ್ನು ಕುರಿತು ವರದಿಯೊಂದನ್ನು ಬರೆದಿದ್ದರು. ಆ ಬಳಿಕ 1893ರಲ್ಲಿ ಮದರಾಸು ಸರಕಾರವು ಪಂಚಮರ ವಿದ್ಯಾಭ್ಯಾಸದ ಬಗ್ಗೆ ಮಹತ್ವದ ಆಜ್ಞೆಯನ್ನು ಹೊರಡಿಸಿತು. ಪ್ರತ್ಯೇಕ ಶಾಲೆಗಳಿಗೆ ಹೆಚ್ಚಿನ ಧನಸಹಾಯ, ಉಪಾಧ್ಯಾಯ ತರಬೇತಿಗೆ ವಿದ್ಯಾರ್ಥಿವೇತನ, ಶಾಲೆ ಕಟ್ಟಲು ಸರಕಾರಿ ಜಾಗ ಮುಂತಾದ ಸೌಕರ್ಯಗಳಿಗೆ ಅದರಿಂದ ದಾರಿಯಾಯಿತು. ಅಂದಿನ ಕಡತಗಳಲ್ಲಿ ಈ ಜನರನ್ನು ಪಂಚಮರೆಂದು ಕರೆಯುತ್ತಿದ್ದರು. ಆಜ್ಞೆ ಹೊರಟುದು ರಂಗರಾಯರ ಶಾಲೆ ತೆರೆದ ಮರುವರುಷ. ಸರಕಾರವು ದಾರಿ ತೋರಿಸಲೆಂದು ಅವರು ಕಾದು ಕುಳಿತವರಲ್ಲ. ದಾರಿ ತೆರೆದಾಗ ಅದನ್ನು ಬಳಸಿಕೊಳ್ಳದೆ ಬಿಟ್ಟವರೂ ಅಲ್ಲ. ಖಾಸಗಿ ಆಡಳಿತದ ಶಾಲೆಗಳನ್ನು ನಡೆಸುವವರೆಲ್ಲರೂ ಕಲಿಯತಕ್ಕ ಪಾಠವಿದು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜನರ ಬಾಯಲ್ಲಿ ಅದು ಡಿ.ಸಿ.ಎಂ. ಎಂದೇ ಉಳಿಯಿತು. ಮುಂಬಯಿಯಲ್ಲಿ ಇದೇ ಹೆಸರಿನ ಪ್ರಸಿದ್ಧ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂಧೆಯವರು ಸ್ಥಾಪಿಸಿದುದು 1906ರಲ್ಲಿ. ಶಿಂಧೆಯವರೂ ಕನ್ನಡ ನಾಡಿನ ಜಮಖಂಡಿಯಲ್ಲಿ ಹುಟ್ಟಿದವರೆಂಬುದು ಇಲ್ಲಿ ಸ್ಮರಣೀಯ. ಭಾರತದ ದೊಡ್ಡ ನಗರಗಳು ಈ ಕೆಲಸಕ್ಕೆ ಕೈಹಾಕುವ ಮುನ್ನವೇ ಕರಾವಳಿಯ ಒಂದು ಪಟ್ಟಣದಲ್ಲಿ ಅದು ಬೇರೂರಿತ್ತು.

ಕೊಡಿಯಾಲಬೈಲಿನ ಗುಡ್ಡೆಯ ಮೇಲೆ ಜಾಗ ದೊರಕಿಸಿಕೊಂಡು ರಂಗರಾಯರು ಸಂಸ್ಥೆಗೆ ಸ್ವಂತ ನೆಲೆಯನ್ನು ಒದಗಿಸಿದರು. ಕಂಕನಾಡಿ, ಬೋಳೂರು, ಅತ್ತಾವರ, ಮುಲ್ಕಿ, ಉಡುಪಿಯ ಬನ್ನಂಜೆ, ನೇಜಾರು ಮುಂತಾದೆಡೆಗಳಲ್ಲಿ ಒಂದೊಂದಾಗಿ ಶಾಲೆಗಳು ಎದ್ದುವು. ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯವಾಯಿತು. ಓದಿನ ಜೊತೆಗೆ ನೇಯ್ಗೆ, ಬಡಗಿ ಕೆಲಸ ಮೊದಲಾದ ಕಸುಬುಗಳನ್ನು ಕಲಿಸುವ ಏರ್ಪಾಡಾಯಿತು. ನಾಲ್ಕನೆಯ ತರಗತಿಯವರೆಗೆ ಓದಿ ಮತ್ತೆ ಅದೇ ಧಣಿಯ ಗದ್ದೆಗೆ ಇಳಿಯುವುದಾದರೆ ಓದಿನಿಂದ ಬಂದ ಭಾಗ್ಯವೇನು? ಕೈಯಲ್ಲಿ ಒಂದು ಕಸುಬಿದ್ದರೆ ಮನುಷ್ಯನು ತನ್ನ ಕೂಲಿಯನ್ನು ತಾನೇ ಹೇಳಬಲ್ಲನು. ಕಲಿತ ತರುಣರಲ್ಲಿ ಕೆಲವರು ಮಾಸ್ತರರಾದರು. ತಮ್ಮವರೇ ಮಾಸ್ತರರ ಕುರ್ಚಿಯಲ್ಲಿ ಕುಳಿತುದನ್ನು ಕಂಡ ಮಕ್ಕಳ ಮನಸ್ಸಿನಲ್ಲಿ ಏನು ಬೆಳಗಿತೆಂಬುದನ್ನು ಉಪಾಧ್ಯಾಯರಾದವರು ಊಹಿಸಿಕೊಳ್ಳಬಹುದು.

ಮಗು ಶಾಲೆಯಲ್ಲಿ ನಿಲ್ಲಬೇಕಾದರೆ ಮನೆ ನೆಲೆನಿಲ್ಲಬೇಕು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನು ಧಣಿ ಮುನಿದ ದಿನ ಮಕ್ಕಳೊಂದಿಗೆ ಬೀದಿಪಾಲಾಗುತ್ತಾನೆ. ಆದುದರಿಂದ ರಂಗರಾಯರು ಸರಕಾರದ ಬಳಿ ಹೋಗಿ ನಿವೇಶನಗಳಿಗಾಗಿ ಜಾಗ ಕೇಳಿದರು, ಕುಟುಂಬಗಳನ್ನು ನೆಲೆಗೊಳಿಸಿದರು. ಸಾಲದ ಬಾಧೆಗೆ ಪರಿಹಾರವಾಗಿ ಸಹಕಾರ ಸಂಘವನ್ನು ಕಟ್ಟಿಸಿದರು. ತಮ್ಮ ವ್ಯಾಜ್ಯಗಳನ್ನು ತಾವೇ ತೀರಿಸಿಕೊಳ್ಳಲು ಅವರದೇ ಪಂಚಾಯತಿಯನ್ನು ಏರ್ಪಡಿಸಿದರು. ಅವರ ಆಶ್ರಯದಲ್ಲಿ ಬೆಳೆದವರು ಮಂಗಳೂರಿನ ಪುರಸಭೆಯಲ್ಲೂ ಜಿಲ್ಲಾ ಬೋರ್ಡಿನಲ್ಲೂ ಸದಸ್ಯರಾಗಿ ಕುಳಿತುಕೊಂಡರು. ಅಕ್ಷರ, ಅನ್ನ, ಕಸುಬು, ಮನೆ, ಊರಿನ ಆಡಳಿತದಲ್ಲಿ ಮಾತು – ಇವೆಲ್ಲವೂ ರಂಗರಾಯರ ದೃಷ್ಟಿಯಲ್ಲಿ ಒಂದೇ ಶಾಲೆಯ ಪಠ್ಯಕ್ರಮಗಳಾಗಿದ್ದುವು.

ದಲಿತ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ಕಟ್ಟಿದುದರಿಂದ ಪ್ರತ್ಯೇಕತೆಯನ್ನೇ ಉಳಿಸಿದಂತಾಗಲಿಲ್ಲವೇ ಎಂದು ಇಂದಿನ ತರುಣರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಎಲ್ಲ ಮಕ್ಕಳೂ ಒಂದೇ ಚಾಪೆಯಲ್ಲಿ ಕುಳಿತುಕೊಳ್ಳುವ ದಿನವನ್ನು ಬಯಸದಿದ್ದವರಲ್ಲ ರಂಗರಾಯರು. ಆದರೆ ಆ ದಿನ ಬರುವವರೆಗೆ ಇಡೀ ಒಂದು ತಲೆಮಾರು ಅಕ್ಷರವಿಲ್ಲದೆ ಕಾಯಬೇಕೆಂಬುದನ್ನು ಅವರು ಒಪ್ಪಲಿಲ್ಲ. 1858ರ ಘೋಷಣೆಯ ಬಳಿಕ ಮೂವತ್ತನಾಲ್ಕು ವರುಷಗಳು ಕಳೆದಿದ್ದುವು. ಕಾಗದದ ಮೇಲೆ ತೆರೆದ ಬಾಗಿಲುಗಳು ಊರಿನಲ್ಲಿ ಮುಚ್ಚಿಯೇ ಇದ್ದುವು. ಮಗುವಿಗೆ ಏಳು ವರುಷವಾಗುವುದು ಒಂದೇ ಸಲ. ಆ ವರುಷವನ್ನು ಕಳೆದುಕೊಂಡರೆ ಯಾವ ಸುಧಾರಣೆಯೂ ಅದನ್ನು ಹಿಂದಕ್ಕೆ ತಂದುಕೊಡಲಾರದು. ಹಳೆಯ ಉಪಾಧ್ಯಾಯನಾದ ನನಗೆ ಅವರ ನಿರ್ಣಯವೇ ಸರಿಯೆಂದು ತೋರುತ್ತದೆ. ಬೇರೆ ಶಾಲೆಯಲ್ಲಿ ಕಲಿತವರ ಮಕ್ಕಳೇ ಮುಂದೆ ಎಲ್ಲರ ಶಾಲೆಯೊಳಕ್ಕೆ ತಲೆಯೆತ್ತಿ ಬಂದರು.

ಮನೆಯಲ್ಲಿಯೂ ಅದೇ ನಡೆ

ಸಭೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂಬ ಸುಧಾರಕರು ಎಲ್ಲ ಕಾಲದಲ್ಲೂ ಇದ್ದಾರೆ. ರಂಗರಾಯರು ಆ ಗುಂಪಿನವರಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸ, ವಿಧವಾ ವಿವಾಹಗಳ ಪರವಾಗಿ ನಿಂತ ಅವರು 1891ರಲ್ಲಿ ಹುಟ್ಟಿದ ತಮ್ಮ ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. ಆಕೆ 1912ರಲ್ಲಿ ತಮಿಳುನಾಡಿನ ಕುಮಾರಮಂಗಲಂ ಜಮೀನುದಾರರಾದ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿಯೂ ಬೇರೆ, ಭಾಷೆಯೂ ಬೇರೆ. ಅಂದಿನ ಕಾಲಕ್ಕೆ ಇದು ಎಂತಹ ಹೆಜ್ಜೆಯೆಂದು ಓದುಗರು ಯೋಚಿಸಬೇಕು. ಸುಬ್ಬರಾಯನ್ನರು 1926ರಿಂದ 1930ರವರೆಗೆ ಮದರಾಸು ಆಧಿಪತ್ಯದ ಮುಖ್ಯಮಂತ್ರಿಗಳಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1938ರಲ್ಲಿ ಕೇಂದ್ರದ ರಾಜ್ಯ ಪರಿಷತ್ತಿಗೆ ಚುನಾಯಿತರಾದ ಮೊದಲನೆಯ ಮಹಿಳೆಯೂ ಅವರೇ. 1966ರಿಂದ 1969ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ ಕುಮಾರಮಂಗಲಂ, ಲೋಕಸಭೆಯ ಸದಸ್ಯೆಯಾಗಿದ್ದ ಪಾರ್ವತಿ ಕೃಷ್ಣನ್ ಇವರೆಲ್ಲರೂ ರಂಗರಾಯರ ಮೊಮ್ಮಕ್ಕಳು. ಬಂಧುಗಳು ನೀರು ಕೊಡಲೊಲ್ಲದಿದ್ದ ಮನೆಯಿಂದ ಇಂಥ ಸಂತತಿ ಬೆಳೆಯಿತು.

ಕೊನೆಯ ದಿನಗಳು

ಕೆಲಸ ಬೆಳೆದಂತೆ ಒಬ್ಬರ ಹೆಗಲಿಗೆ ಅದು ಮೀರಿದ ಭಾರವಾಯಿತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದವರು ಮಂಗಳೂರಿಗೆ ಬಂದು ಈ ಕಾರ್ಯಕ್ಕೆ ಕೈಗೂಡಿಸಿದರು. ದೇಶದ ಹಿರಿಯರನೇಕರು ಸಂಸ್ಥೆಯನ್ನು ಕಂಡು ಮೆಚ್ಚಿದರು. ಸರಕಾರವು ರಾವ್ ಸಾಹೇಬ್ ಎಂಬ ಬಿರುದನ್ನು ಕೊಟ್ಟಿತು. ತಾನು ಕಟ್ಟಿದ ಸಂಸ್ಥೆ ತನ್ನ ಬಳಿಕವೂ ಬಾಳಬೇಕಾದರೆ ಅದನ್ನು ತನ್ನ ಮನೆಯ ಆಸ್ತಿಯೆಂದು ಹಿಡಿದಿಟ್ಟುಕೊಳ್ಳಬಾರದೆಂಬ ವಿವೇಕ ರಂಗರಾಯರಿಗಿತ್ತು. ಎಷ್ಟೋ ಶಾಲೆಗಳು ಸ್ಥಾಪಕರ ಮರಣದೊಂದಿಗೆ ಸೊರಗುವುದನ್ನು ಕಂಡ ನಮಗೆ ಈ ವಿವೇಕ ದೊಡ್ಡದಾಗಿ ಕಾಣುತ್ತದೆ.

1927ರಲ್ಲಿ ಅವರು ಸನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಳೆದರು. 1928ನೆಯ ಜನವರಿ 30ರಂದು ದಿವಂಗತರಾದರು. ಆಗ ಅವರಿಗೆ ಅರುವತ್ತೆಂಟು ವರುಷ. ತಮ್ಮ ಶವವನ್ನು ದಲಿತ ಬಂಧುಗಳೇ ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು, ಅದರಂತೆಯೇ ನಡೆಯಿತು. ಜೀವಮಾನವೆಲ್ಲ ಯಾರನ್ನು ಮುಟ್ಟಬಾರದೆಂದು ಊರು ಹೇಳಿತೋ ಅವರ ಹೆಗಲ ಮೇಲೆ ಅವರ ಕೊನೆಯ ಪ್ರಯಾಣ ಸಾಗಿತು. ಮಂಗಳೂರಿನ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಅವರ ಕಡೆಯ ಹಾರೈಕೆಯನ್ನು ಅಲ್ಲಿ ಕೆತ್ತಿಡಲಾಗಿದೆ. ದಲಿತರ ಮಗುವೊಂದು ಓದಿ ವಿದ್ಯಾವಂತನಾಗಿ, ಸರಕಾರದ ದೊಡ್ಡ ಹುದ್ದೆಗೇರಿ, ನಮ್ಮ ಊರಿನ ರಸ್ತೆಯಲ್ಲಿ ಮೋಟಾರು ಕಾರಿನಲ್ಲಿ ಹೋಗಬೇಕು. ಆ ಚಕ್ರದಿಂದೆದ್ದ ಧೂಳು ತಮ್ಮ ತಲೆಗೆ ತಗುಲಿದರೆ ಬದುಕು ಸಾರ್ಥಕವಾಯಿತೆಂದು ಭಾವಿಸುವೆನೆಂಬುದು ಆ ಹಾರೈಕೆಯ ತಾತ್ಪರ್ಯ. ಸ್ವರ್ಗವನ್ನು ಬಯಸಿದ ಸನ್ಯಾಸಿಗಳನ್ನು ಕೇಳಿದ್ದೇವೆ. ರಸ್ತೆಯ ಧೂಳನ್ನು ಬಯಸಿದ ಸನ್ಯಾಸಿ ಇವರೊಬ್ಬರೇ ಇರಬೇಕು.

ಮಹಾತ್ಮಾ ಗಾಂಧೀಜಿಯವರು ಹರಿಜನ ಯಾತ್ರೆಯ ಸಂದರ್ಭದಲ್ಲಿ 1934ನೆಯ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದು ರಂಗರಾಯರ ಸಂಸ್ಥೆಗೆ ಭೇಟಿಯಿತ್ತರು. ಅದನ್ನು ಕಾಣಲು ರಂಗರಾಯರಿರಲಿಲ್ಲ. ಅವರ ಶಾಲೆಗಳ ಮಕ್ಕಳಿದ್ದರು.

ನಮಗೆ ಉಳಿದ ಲೆಕ್ಕ

ಈ ಚರಿತ್ರೆಗೂ ಗಡಿನಾಡಿನ ಒಂದು ಕನ್ನಡ ಪ್ರೌಢಶಾಲೆಯ ಸುವರ್ಣ ಮಹೋತ್ಸವಕ್ಕೂ ಇರುವ ಸಂಬಂಧವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಕಡೆಯ ಶಾಲೆಗಳು ಬೆಳೆದುಬಂದ ಕ್ರಮ ಎಲ್ಲರಿಗೂ ತಿಳಿದುದೇ. ಮೊದಲು ಎಲ್.ಪಿ., ಆಮೇಲೆ ಯು.ಪಿ., ಊರವರ ಪ್ರಯತ್ನದಿಂದ ಹೈಸ್ಕೂಲು, ಭಾಗ್ಯವಿದ್ದಲ್ಲಿ ಹೈಯರ್ ಸೆಕೆಂಡರಿ. ಮೆಟ್ಟಿಲೊಂದು ಏರಿದಾಗಲೆಲ್ಲ ನಾವು ಸಭೆ ಸೇರಿ ಹಾರ ಹಾಕಿದ್ದೇವೆ. ಆದರೆ ಎಷ್ಟು ಮಕ್ಕಳು ನಮ್ಮೊಂದಿಗೆ ಆ ಮೆಟ್ಟಿಲುಗಳನ್ನು ಏರಿದರು, ಎಷ್ಟು ಮಂದಿ ಕೆಳಗೇ ಉಳಿದರು ಎಂಬ ಲೆಕ್ಕವನ್ನು ಹಾಜರಿ ಪುಸ್ತಕ ಮಾತ್ರ ಬಲ್ಲುದು. ಯು.ಪಿ. ಮುಗಿಸಿ ಎಂಟನೆಯ ತರಗತಿಗೆ ಬಾರದ ಹುಡುಗಿ, ಒಂಬತ್ತರಲ್ಲಿ ಮಳೆಗಾಲ ಕಳೆದ ಮೇಲೆ ಕಾಣಿಸದ ಹುಡುಗ – ಇವರ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ ಎಳೆದ ಉಪಾಧ್ಯಾಯರು ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರಿರುವರು. ಶಾಲೆಯೊಂದರ ಬೆಳವಣಿಗೆಯನ್ನು ಅಳೆಯಲು ಕೊಠಡಿಗಳ ಸಂಖ್ಯೆಗಿಂತ ಆ ಕೆಂಪು ಗೆರೆಗಳ ಸ್ಥಿತಿ ಹೆಚ್ಚು ನಂಬಬಹುದಾದ ಅಳತೆಗೋಲು.

ಇಂದು ಗಡಿನಾಡಿನ ಕನ್ನಡ ಮಾಧ್ಯಮದ ತರಗತಿಗಳು ತೆಳ್ಳಗಾಗುತ್ತಿವೆ. ಜೂನ್ ತಿಂಗಳಿನ ಆರನೆಯ ಕೆಲಸದ ದಿನದಂದು ತಲೆಯೆಣಿಕೆಯಾಗುವಾಗ ಮುಖ್ಯೋಪಾಧ್ಯಾಯರ ಎದೆ ಹೊಡೆದುಕೊಳ್ಳುವ ಪರಿಯನ್ನು ಅನುಭವಿಸಿದವರೇ ಬಲ್ಲರು. ಎಣಿಕೆ ಸಾಲದಿದ್ದರೆ ಡಿವಿಷನ್ ಬೀಳುತ್ತದೆ, ಅದರೊಂದಿಗೆ ಉಪಾಧ್ಯಾಯರ ಹುದ್ದೆಯೂ. ಅನುಕೂಲವುಳ್ಳವರು ತಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಕಳುಹಿಸುತ್ತಾರೆ. ವೇದಿಕೆಯಲ್ಲಿ ಕನ್ನಡದ ಉಳಿವಿನ ಬಗ್ಗೆ ಮಾತನಾಡುವವರಲ್ಲಿಯೂ ಹಲವರು ಹೀಗೆಯೇ. ಕನ್ನಡ ಶಾಲೆಯ ಬೆಂಚಿನಲ್ಲಿ ಉಳಿದಿರುವವರು ಹೆಚ್ಚಾಗಿ ಕೂಲಿ ಮಾಡುವವರ, ಬೀಡಿ ಕಟ್ಟುವವರ, ಕಾಲೊನಿಗಳಲ್ಲಿ ವಾಸಿಸುವವರ ಮಕ್ಕಳು. ಅಂದರೆ ನೂರಮೂವತ್ತು ವರುಷಗಳ ಹಿಂದೆ ಚಿಲಿಂಬಿಯ ಬಾಡಿಗೆ ಮನೆಗೆ ಯಾರ ಮಕ್ಕಳು ಬಂದರೋ ಅವರ ಮರಿಮಕ್ಕಳೇ ಇಂದು ಗಡಿನಾಡಿನಲ್ಲಿ ಕನ್ನಡವನ್ನು ಓದುತ್ತ ಬರೆಯುತ್ತ ಉಳಿಸುತ್ತಿದ್ದಾರೆ. ಹಿಂದೆ ಅಕ್ಷರದಿಂದ ದೂರವಿಡಲ್ಪಟ್ಟವರ ಕೈಯಲ್ಲಿಯೇ ಇಂದು ನಮ್ಮ ಅಕ್ಷರದ ಭವಿಷ್ಯವಿದೆ. ಕನ್ನಡಾಭಿಮಾನಿಗಳಾದ ನಾವು ಇದನ್ನು ತಲೆಬಾಗಿ ಒಪ್ಪಿಕೊಳ್ಳಬೇಕು. ಆ ಮಕ್ಕಳಿಗೆ ಕನ್ನಡದಲ್ಲಿ ಓದಿದುದರಿಂದ ನಷ್ಟವಾಗದಂತೆ, ಒಳ್ಳೆಯ ಗಣಿತ, ಒಳ್ಳೆಯ ವಿಜ್ಞಾನ, ಒಳ್ಳೆಯ ಇಂಗ್ಲಿಷ್, ಅವರ ಭಾಷೆ ಬಲ್ಲ ಉಪಾಧ್ಯಾಯರು ದೊರೆಯುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಮಗು ಶಾಲೆಗೆ ಬಾರದಿದ್ದರೆ ಮಗುವನ್ನು ದೂರುವ ಮೊದಲು ಆ ಮನೆಯ ಅಂಗಳಕ್ಕೆ ಹೋಗಿ ನೋಡುವುದು ರಂಗರಾಯರು ತೋರಿಸಿದ ಮಾರ್ಗ.

ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಯಲ್ಲಿ ಹೊಸ ಸಭಾಂಗಣ ಬರಲಿ, ಪ್ರಯೋಗಾಲಯ ಬರಲಿ, ಸಂತೋಷವೇ. ಅದರ ಜೊತೆಗೆ, ಪ್ರತಿವರುಷವೂ ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಒಬ್ಬರೂ ತಪ್ಪದೆ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವಂತೆ ಮಾಡುವ ಒಂದು ನಿಧಿಯನ್ನು ಹಳೆ ವಿದ್ಯಾರ್ಥಿಗಳು ಸ್ಥಾಪಿಸಿದರೆ ಅದಕ್ಕೆ ರಂಗರಾಯರ ಹೆಸರನ್ನಿಡುವುದು ಯೋಗ್ಯವಾಗುವುದು. ಬಸ್ಸಿನ ದುಡ್ಡಿಗೋ ಪುಸ್ತಕಕ್ಕೋ ಮನೆಯಲ್ಲಿ ರೋಗಿಯೊಬ್ಬರಿರುವುದಕ್ಕೋ ಓದು ನಿಲ್ಲಿಸುವ ಮಗುವಿನ ಕೈಯನ್ನು ಆ ನಿಧಿ ಹಿಡಿಯಲಿ. ಕಾಸರಗೋಡು ಸೀಮೆಯ ಒಂದು ಹಳ್ಳಿಯಿಂದ ಹೊರಟ ಬಡ ಮಾಸ್ತರರೊಬ್ಬರು ಮಂಗಳೂರಿಗೆ ಕೊಟ್ಟುದನ್ನು ಹುಟ್ಟಿದ ಸೀಮೆಗೆ ಮರಳಿ ತರುವ ರೀತಿ ಅದೇ.